ದಾನವನ್ನು ಹೊತ್ತು ನಡೆದವರು

ಇಸ್ಲಾಮೀ ಇತಿಹಾಸದ ಮಹಾದಾನಿಗಳ ಹೆಸರುಗಳು ನಮ್ಮ ಮದ್ರಸದ ಮಕ್ಕಳಿಗೂ ಬಾಯಿಪಾಠ. ರೂಮಾ ಬಾವಿಯನ್ನು ಖರೀದಿಸಿ ಮದೀನಾದ ಜನರಿಗೆ ಬಿಟ್ಟುಕೊಟ್ಟ ಹಝ್ರತ್ ಉಸ್ಮಾನ್(ರ), ತಬೂಕ್ ಯುದ್ಧದ ಸಂದರ್ಭದಲ್ಲಿ ಮನೆಯಲ್ಲಿದ್ದುದನ್ನೆಲ್ಲ ತಂದು ಪ್ರವಾದಿ(ಸ)ರ ಮುಂದಿಟ್ಟ ಹಝ್ರತ್ ಅಬೂಬಕರ್(ರ), ಹಜ್ಜ್ ಯಾತ್ರಿಕರಿಗಾಗಿ ಮಕ್ಕಾಕ್ಕೆ ನೀರು ಹರಿಸಿದ ಅಬ್ಬಾಸೀ ರಾಣಿ ಝುಬೈದಾ, ಇವರೆಲ್ಲರ ಕುರಿತು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ದಾನವೆಂಬುದು ದಾನಿಯ ಕೈಯಿಂದ ಹೊರಟ ಕೂಡಲೇ ಬಡವನ ಮನೆಯನ್ನು ತಾನಾಗಿಯೇ ಸೇರಿಬಿಡುವುದಿಲ್ಲ. ನಡುವೆ ಒಬ್ಬರು ಅದನ್ನು ಎಣಿಸಬೇಕು, ಅಳೆಯಬೇಕು, ಕಾಯಬೇಕು, ಹೊರಬೇಕು. ಯಾವ ಬಾಗಿಲನ್ನು ತಟ್ಟಬೇಕೆಂದು ತಿಳಿದಿರಬೇಕು, ತಟ್ಟಿದ ಮೇಲೆ ಹೇಗೆ ಮಾತನಾಡಬೇಕೆಂದೂ ತಿಳಿದಿರಬೇಕು. ಈ ನಡುವಿನವರ ಚರಿತ್ರೆಯನ್ನು ನಾವು ಓದುವುದು ಕಡಿಮೆ. ಅವರ ದುಡಿಮೆಯ ಕಷ್ಟಗಳು ಮತ್ತು ಅವರಿಗೆ ದೊರೆತ ಪ್ರತಿಫಲ ಎಂತಹವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪವಿತ್ರ ಕುರ್‌ಆನ್ ಇವರನ್ನು ಮರೆತಿಲ್ಲ. ಅತ್ತೌಬಾ ಅಧ್ಯಾಯದ 60ನೆಯ ಸೂಕ್ತವು ಝಕಾತಿಗೆ ಹಕ್ಕುದಾರರಾದ ಎಂಟು ವರ್ಗಗಳನ್ನು ಹೆಸರಿಸುತ್ತದೆ. ಮೊದಲನೆಯವರು ಬಡವರು, ಎರಡನೆಯವರು ನಿರ್ಗತಿಕರು. ಮೂರನೆಯ ಸ್ಥಾನದಲ್ಲಿ, ಸಾಲಗಾರರಿಗಿಂತಲೂ ದಾರಿಹೋಕರಿಗಿಂತಲೂ ಮೊದಲೇ, ಝಕಾತಿನ ಕೆಲಸದಲ್ಲಿ ದುಡಿಯುವವರ ಉಲ್ಲೇಖವಿದೆ. ಇವರನ್ನು ‘ಆಮಿಲ್’ ಎಂದು ಕರೆಯಲಾಗುತ್ತದೆ. ಸಂಗ್ರಹಿಸುವವರು, ಬರೆದಿಡುವವರು, ಕಾಯುವವರು, ಹಂಚುವವರು ಎಲ್ಲರೂ ಈ ಪದದೊಳಗೆ ಬರುತ್ತಾರೆ. ಆಮಿಲನು ಸ್ವತಃ ಬಡವನಾಗಿರಬೇಕೆಂದಿಲ್ಲ, ಅವನಿಗೆ ಸಲ್ಲುವುದು ಅವನ ದುಡಿಮೆಯ ಕೂಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆ ಪಾಲು ಎಷ್ಟಿರಬೇಕೆಂಬುದರಲ್ಲಿ ನಮ್ಮ ಕರಾವಳಿಯ ಶಾಫಿಈಗಳೂ ಒಳನಾಡಿನ ಹನಫಿಗಳೂ ಅನುಸರಿಸುವ ಮದ್ಹಬ್‌ಗಳ ನಡುವೆ ವ್ಯತ್ಯಾಸವಿದೆ. ಇಂದಿನ ಜಮಾಅತ್ ಸಮಿತಿಯ ಸದಸ್ಯರು ಆಮಿಲ್ ಎನಿಸಿಕೊಳ್ಳುತ್ತಾರೆಯೇ ಎಂಬುದೂ ಉಲಮಾಗಳ ನಡುವೆ ಚರ್ಚೆಯಲ್ಲಿರುವ ಪ್ರಶ್ನೆ. ಅದನ್ನು ಅವರವರ ಊರಿನ ಉಲಮಾಗಳಿಂದಲೇ ಕೇಳಿ ತಿಳಿಯತಕ್ಕದ್ದು. ನಾವಿಲ್ಲಿ ಫತ್ವಾ ನೀಡಲು ಕುಳಿತಿಲ್ಲ. ದಾನದ ಜೊತೆಗೆ ದಾನದ ದುಡಿಮೆಯನ್ನೂ ಅಲ್ಲಾಹನು ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ ಎಂಬ ಒಂದು ಸಂಗತಿಯನ್ನು ಹಿಡಿದು ಇತಿಹಾಸದೊಳಗೆ ಹೋಗುತ್ತಿದ್ದೇವೆ.

ಕೂಲಿಯ ಮಾತನ್ನೇ ಮೊದಲು ನೋಡೋಣ. ಇಬ್ನುಸ್ಸಾಇದೀ ಎಂಬವರನ್ನು ಹಝ್ರತ್ ಉಮರ್(ರ) ಝಕಾತ್ ಸಂಗ್ರಹದ ಕೆಲಸಕ್ಕೆ ನೇಮಿಸಿದ್ದರು. ಕೆಲಸ ಮುಗಿಸಿ ಲೆಕ್ಕ ಒಪ್ಪಿಸಿದಾಗ ಉಮರ್(ರ) ಅವರಿಗೆ ಸಂಭಾವನೆ ಕೊಡಿಸಿದರು. ಅವರು, ನಾನು ಈ ಕೆಲಸ ಮಾಡಿದ್ದು ಅಲ್ಲಾಹನಿಗಾಗಿ, ನನ್ನ ಪ್ರತಿಫಲ ಅವನ ಬಳಿ ಇದೆ ಎಂದು ನಿರಾಕರಿಸಿದರು. ಕೇಳಲು ಎಷ್ಟು ಸುಂದರವಾದ ಉತ್ತರ! ನಾವಾಗಿದ್ದರೆ ಭೇಷ್ ಎಂದು ಬೆನ್ನು ತಟ್ಟಿ ಹಣವನ್ನು ಮರಳಿ ಪೆಟ್ಟಿಗೆಗೆ ಹಾಕುತ್ತಿದ್ದೆವು. ಉಮರ್(ರ) ಹಾಗೆ ಮಾಡಲಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳಿ ಎಂದರು. ತಾವೂ ಪ್ರವಾದಿ(ಸ)ರ ಕಾಲದಲ್ಲಿ ಇಂತಹುದೇ ಕೆಲಸ ಮಾಡಿದ್ದಾಗಿ, ತಾವೂ ಇದೇ ಮಾತನ್ನು ಹೇಳಿದ್ದಾಗಿ, ಆಗ ಪ್ರವಾದಿ(ಸ)ರು ಕೇಳದೆಯೇ ದೊರೆತದ್ದನ್ನು ಸ್ವೀಕರಿಸಬೇಕೆಂದೂ ಬೇಕಿದ್ದರೆ ಅದನ್ನೇ ದಾನ ಮಾಡಬಹುದೆಂದೂ ಕಲಿಸಿದ್ದಾಗಿ ವಿವರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ವರದಿ ಇದೆ.

ಈ ಘಟನೆಯನ್ನು ನಮ್ಮ ಊರುಗಳ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಬೇಕು. ಮದುವೆಯ ಮಂಟಪದ ಅಲಂಕಾರಕ್ಕೆ ಕೇಳಿದಷ್ಟು ಹಣವನ್ನು ಮರುಮಾತಿಲ್ಲದೆ ಎಣಿಸಿಕೊಡುವ ನಾವು, ರೋಗಿಯನ್ನು ರಾತ್ರೋರಾತ್ರಿ ಜಿಲ್ಲಾ ಆಸ್ಪತ್ರೆಗೆ ಸಾಗಿಸಿದ ಯುವಕನ ಪೆಟ್ರೋಲ್ ಖರ್ಚಿನ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡುತ್ತೇವೆ. ಸೇವೆ ಎಂದ ಮೇಲೆ ಕೈಯಿಂದಲೇ ಹಾಕಬೇಕು ಎಂಬುದು ಬರೆಯದ ನಿಯಮವಾಗಿಬಿಟ್ಟಿದೆ. ಪರಿಣಾಮವಾಗಿ ದಿನಗೂಲಿಯ ಮನೆಯ ಹುಡುಗರು, ಬಡತನವೆಂದರೇನೆಂದು ಬಲ್ಲವರು, ಈ ಕೆಲಸದಲ್ಲಿ ಹೆಚ್ಚು ದಿನ ಉಳಿಯಲಾರರು. ಅಂಗಡಿ, ಆಸ್ತಿ ಇರುವವರು ಮಾತ್ರ ಉಳಿಯುತ್ತಾರೆ.

ಕೂಲಿಯನ್ನು ಒತ್ತಾಯದಿಂದ ಕೊಡಿಸಿದ ಅದೇ ಪರಂಪರೆಯು ಕೂಲಿಯ ಆಚೆ ಒಂದು ಖರ್ಜೂರವನ್ನೂ ಬಿಡಲಿಲ್ಲ ಎಂಬುದೂ ಅಷ್ಟೇ ಸತ್ಯ. ಅಝ್ದ್ ಗೋತ್ರದ ಇಬ್ನುಲ್ಲುತ್‌ಬಿಯ್ಯ ಎಂಬವರು ಝಕಾತ್ ಸಂಗ್ರಹಿಸಿ ಮರಳಿದಾಗ ತಂದದ್ದನ್ನು ಎರಡು ರಾಶಿ ಮಾಡಿದರು. ಒಂದು ನಿಮ್ಮದು, ಇನ್ನೊಂದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ಪ್ರವಾದಿ(ಸ)ರು ಮಿಂಬರ್ ಏರಿ ಎಲ್ಲರ ಮುಂದೆಯೇ ಈ ವಿಷಯವನ್ನೆತ್ತಿದರು. ಅಂಥವನು ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು. ಭಾಷಣದಲ್ಲಿ ವ್ಯಕ್ತಿಯ ಹೆಸರೆತ್ತಿ ಅವಮಾನಿಸದೆ, ತಾವು ನೇಮಿಸಿದ ನೌಕರನೊಬ್ಬ ಹೀಗೆ ಹೇಳುತ್ತಾನೆ ಎಂದಷ್ಟೇ ಹೇಳಿದ್ದು ಗಮನಾರ್ಹ. ತಪ್ಪನ್ನು ಬಹಿರಂಗವಾಗಿ ತಿದ್ದಿದರು, ಆದರೆ ಮನುಷ್ಯನನ್ನು ಬೀದಿಗೆ ಎಳೆಯಲಿಲ್ಲ. ಸಮಿತಿಯ ಲೆಕ್ಕದಲ್ಲಿ ನೂರು ರೂಪಾಯಿ ತಾಳೆಯಾಗದಿದ್ದರೆ ಸಂಜೆಯೊಳಗೆ ಇಡೀ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಬ್ಬನ ಮಾನ ಹರಾಜಾಗುವ ಕಾಲದಲ್ಲಿ ನಾವಿದ್ದೇವೆ.

ಹಝ್ರತ್ ಮುಆದ್ ಇಬ್ನು ಜಬಲ್(ರ) ಅವರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿ(ಸ)ರು ನೀಡಿದ ಉಪದೇಶವು ಕೊಡುವವನ ಕಡೆಯ ಮರ್ಯಾದೆಯನ್ನು ಕುರಿತದ್ದು. ಝಕಾತನ್ನು ಅಲ್ಲಿನ ಶ್ರೀಮಂತರಿಂದ ಪಡೆದು ಅಲ್ಲಿನ ಬಡವರಿಗೇ ಮರಳಿಸಬೇಕು. ಹಿಂಡಿನಲ್ಲಿ ಅತ್ಯುತ್ತಮವಾದುದನ್ನೇ ಆರಿಸಿ ಎಳೆದು ತರಬಾರದು. ಅನ್ಯಾಯಕ್ಕೊಳಗಾದವನ ಮೊರೆಗೆ ಅಂಜಬೇಕು, ಅದಕ್ಕೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ. ಒಳ್ಳೆಯ ಉದ್ದೇಶವಿದೆಯೆಂದು ಸಂಗ್ರಹಕಾರನು ಜನರ ಮೇಲೆ ದಬ್ಬಾಳಿಕೆ ಮಾಡುವಂತಿಲ್ಲ ಎಂಬುದು ಇದರ ಸಾರ.

ಹಣ ಕೂಡಿತು. ಇನ್ನು ಯಾರಿಗೆ ಕೊಡುವುದು? ಈ ಕ್ಷೇತ್ರದಲ್ಲಿ ದುಡಿದವರೆಲ್ಲರೂ ಹೇಳುವುದು ಇದೇ ಅತ್ಯಂತ ಕಠಿಣ ಭಾಗವೆಂದು. ಅಲ್‌ಬಕರಾ ಅಧ್ಯಾಯದ 273ನೆಯ ಸೂಕ್ತವು ಒಂದು ಬಗೆಯ ಬಡವರನ್ನು ವರ್ಣಿಸುತ್ತದೆ. ಅವರ ಸ್ವಾಭಿಮಾನದ ಕಾರಣ ತಿಳಿಯದವನು ಅವರನ್ನು ಸ್ಥಿತಿವಂತರೆಂದೇ ಭಾವಿಸುತ್ತಾನೆ. ಅವರು ಜನರನ್ನು ಕಾಡಿ ಬೇಡುವುದಿಲ್ಲ, ಮುಖಲಕ್ಷಣದಿಂದ ಮಾತ್ರ ಗುರುತಿಸಬಹುದು. ಒಂದೆರಡು ತುತ್ತಿಗಾಗಿ ಮನೆ ಮನೆ ಅಲೆಯುವವನಲ್ಲ, ಸಾಕಷ್ಟಿಲ್ಲದೆಯೂ ಯಾರ ಗಮನಕ್ಕೂ ಬಾರದೆ, ಯಾರನ್ನೂ ಕೇಳದೆ ಉಳಿಯುವವನೇ ನಿಜವಾದ ಮಿಸ್ಕೀನ್ ಎಂಬರ್ಥದ ಹದೀಸ್ ಕೂಡ ಇದೆ. ಹಾಗಾದರೆ ಹಂಚುವವನ ಕೆಲಸ ಮೇಜಿನ ಹಿಂದೆ ಕುಳಿತು ಸಾಲಿನಲ್ಲಿ ಬಂದವರ ಚೀಟಿ ನೋಡುವುದರಲ್ಲಿ ಮುಗಿಯುವುದಿಲ್ಲ. ಸಾಲಿಗೆ ಬಾರದವರನ್ನು ಹುಡುಕಿಕೊಂಡು ಹೋಗುವುದರಲ್ಲಿ ಅದು ಆರಂಭವಾಗುತ್ತದೆ.

ಇನ್ನೊಂದೆಡೆ ವಿಚಾರಣೆಯೂ ಬೇಕು. ಇಬ್ಬರು ಪುರುಷರು ಪ್ರವಾದಿ(ಸ)ರ ಬಳಿ ಬಂದು ಸದಕಾದಲ್ಲಿ ಪಾಲು ಕೇಳಿದಾಗ ಅವರು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಗಟ್ಟಿಮುಟ್ಟಾದ ಆಳುಗಳು. ಬೇಕೆಂದರೆ ಕೊಡುತ್ತೇನೆ, ಆದರೆ ಸಿರಿವಂತನಿಗಾಗಲಿ ದುಡಿದು ತಿನ್ನಬಲ್ಲ ಶಕ್ತನಿಗಾಗಲಿ ಇದರಲ್ಲಿ ಪಾಲಿಲ್ಲ ಎಂದು ತಿಳಿಸಿದರು. ತೀರ್ಮಾನವನ್ನು ಅವರ ಮನಸ್ಸಾಕ್ಷಿಗೇ ಬಿಟ್ಟ ರೀತಿಯನ್ನು ನೋಡಿ. ಗದರಿಕೆ ಇಲ್ಲ, ನಿಂದೆ ಇಲ್ಲ. ಕಬೀಸಾ(ರ) ಎಂಬ ಸಹಾಬಿಯು ಇನ್ನೊಬ್ಬರ ಜಗಳ ಬಗೆಹರಿಸಲು ಹೊಣೆ ಹೊತ್ತು ಸಾಲಕ್ಕೆ ಸಿಲುಕಿದ್ದರು. ಅವರು ನೆರವು ಕೇಳಿ ಬಂದಾಗ, ಸದಕಾ ಬರುವವರೆಗೆ ಇಲ್ಲೇ ಇರಿ, ಬಂದಾಗ ಕೊಡಿಸುತ್ತೇನೆ ಎಂದು ಪ್ರವಾದಿ(ಸ)ರು ಹೇಳಿದರು. ಬಳಿಕ ಬೇಡುವುದು ಯಾರಿಗೆ ಸಲ್ಲುತ್ತದೆ ಎಂಬುದನ್ನು ವಿವರಿಸುತ್ತಾ, ಬಡತನಕ್ಕೆ ಬಿದ್ದೆನೆಂದು ಹೇಳುವವನ ಪರವಾಗಿ ಅವನದೇ ಜನರಲ್ಲಿ ವಿವೇಕಿಗಳಾದ ಮೂವರು ಸಾಕ್ಷಿ ನುಡಿಯಬೇಕೆಂದರು. ಅವನದೇ ಜನರು, ಅಂದರೆ ಅವನ ಒಲೆ ಉರಿಯುವುದೋ ಇಲ್ಲವೋ ಎಂಬುದನ್ನು ಬಲ್ಲವರು. ನೆರೆಹೊರೆಯವರ ಮಾತಿಗಿದ್ದ ಈ ಸ್ಥಾನವನ್ನು ಇಂದು ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಯು ಆಕ್ರಮಿಸಿದೆ. ಕಾಗದ ಬೇಡವೆಂದಲ್ಲ, ಆದರೆ ಕಾಗದಕ್ಕೆ ಒಲೆಯ ಸುದ್ದಿ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವೊಮ್ಮೆ ದಾನ ತಪ್ಪು ಕೈಗೆ ಹೋಗುತ್ತದೆ. ಅಂಥವರಿಗಾಗಿ ಒಂದು ಸಾಂತ್ವನವಿದೆ. ಹಿಂದಿನ ಕಾಲದ ಒಬ್ಬ ಮನುಷ್ಯನು ರಾತ್ರಿಯಲ್ಲಿ ಗುಟ್ಟಾಗಿ ದಾನ ಮಾಡಿದನು. ಮೊದಲ ರಾತ್ರಿ ಅದು ಕಳ್ಳನ ಕೈ ಸೇರಿತು, ಎರಡನೆಯ ರಾತ್ರಿ ವ್ಯಭಿಚಾರಿಣಿಯ ಕೈ, ಮೂರನೆಯ ರಾತ್ರಿ ಶ್ರೀಮಂತನ ಕೈ. ಬೆಳಗಾದರೆ ಜನರಿಗೆ ಇದೇ ಮಾತು. ಆತನಾದರೋ ಪ್ರತಿ ಬಾರಿಯೂ ಅಲ್ಲಾಹನನ್ನು ಸ್ತುತಿಸಿದನು. ಕೊನೆಗೆ ಅವನಿಗೆ ತಿಳಿಸಲಾಯಿತು: ಆ ಕಳ್ಳನು ಕಳವನ್ನು ಬಿಡಬಹುದು, ಆ ಸ್ತ್ರೀಯು ತನ್ನ ದಾರಿಯನ್ನು ಬಿಡಬಹುದು, ಆ ಶ್ರೀಮಂತನು ಪಾಠ ಕಲಿತು ತಾನೂ ಖರ್ಚು ಮಾಡಬಹುದು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿರುವ ಈ ಹದೀಸ್, ಮೋಸ ಹೋದೆನೆಂದು ಕೈಚೆಲ್ಲಿ ಕುಳಿತ ಎಷ್ಟೋ ಸಮಾಜ ಸೇವಕರನ್ನು ಮತ್ತೆ ಎಬ್ಬಿಸಬಲ್ಲದು.

ಸಮಾಜ ಸೇವೆಯ ಎಲ್ಲ ಕಷ್ಟಗಳೂ ಒಮ್ಮೆಲೇ ಎದುರಾದ ಕಾಲವೆಂದರೆ ಹಿಜರಿ 18ರ, ಅಂದರೆ ಕ್ರಿ.ಶ. 639ರ ಬರಗಾಲ. ಮಳೆಯಿಲ್ಲದೆ ಹಿಜಾಝ್‌ನ ನೆಲ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆದ್ದರಿಂದಲೇ ಇತಿಹಾಸಕಾರರು ಅದನ್ನು ‘ಆಮುರ್ರಮಾದ’, ಬೂದಿಯ ವರ್ಷ ಎಂದು ಕರೆದರು. ಮರುಭೂಮಿಯ ಬುಡಕಟ್ಟುಗಳು ಗುಂಪು ಗುಂಪಾಗಿ ಮದೀನಾದತ್ತ ಬಂದು ಊರಿನ ಸುತ್ತ ಬೀಡುಬಿಟ್ಟವು. ಖಲೀಫ ಉಮರ್(ರ) ಜನರಿಗೆ ನೆಮ್ಮದಿಯಾಗುವವರೆಗೆ ತುಪ್ಪವನ್ನೂ ಹಾಲನ್ನೂ ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ್ದು, ಎಣ್ಣೆಯನ್ನೇ ತಿಂದು ಅವರ ಮೈಬಣ್ಣ ಕಪ್ಪಿಟ್ಟಿದ್ದು ಎಲ್ಲರಿಗೂ ತಿಳಿದಿದೆ. ಇಬ್ನು ಸಅದ್ ತಮ್ಮ ‘ತಬಕಾತ್’ನಲ್ಲಿ ಬರೆದಿಟ್ಟ ಇತರ ವಿವರಗಳು ಅಷ್ಟು ಪ್ರಸಿದ್ಧವಲ್ಲ. ನಮ್ಮ ವಿಷಯಕ್ಕೆ ಅವೇ ಮುಖ್ಯ.

ಮದೀನಾದ ಸುತ್ತಲಿನ ಬೀಡುಗಳನ್ನು ಉಮರ್(ರ) ವಿಭಾಗಗಳಾಗಿ ಹಂಚಿ ಒಂದೊಂದಕ್ಕೂ ಮೇಲ್ವಿಚಾರಕರನ್ನಿಟ್ಟರು. ಮಿಸ್ವರ್ ಇಬ್ನು ಮಖ್ರಮಾ, ಅಬ್ದುರ್ರಹ್ಮಾನ್ ಇಬ್ನು ಅಬ್ದ್ ಅಲ್‌ಕಾರೀ, ಅಬ್ದುಲ್ಲಾಹ್ ಇಬ್ನು ಉತ್ಬಾ ಮುಂತಾದವರು ಈ ಕೆಲಸದಲ್ಲಿದ್ದರು. ನಮ್ಮಲ್ಲಿ ಎಷ್ಟು ಜನರು ಈ ಹೆಸರುಗಳನ್ನು ಕೇಳಿದ್ದೇವೆ? ಹಗಲೆಲ್ಲ ಜನರ ನಡುವೆ ಓಡಾಡಿ ಸಂಜೆ ಇವರು ಖಲೀಫರ ಬಳಿ ಸೇರುತ್ತಿದ್ದರು. ತಮ್ಮ ತಮ್ಮ ಭಾಗದಲ್ಲಿ ನಡೆದುದೆಲ್ಲವನ್ನೂ ವರದಿ ಮಾಡುತ್ತಿದ್ದರು. ಮುಂಜಾವದಿಂದಲೇ ದೊಡ್ಡ ಪಾತ್ರೆಗಳಲ್ಲಿ ಅಡುಗೆ ಶುರುವಾಗುತ್ತಿತ್ತು. ಒಂದು ರಾತ್ರಿ ಊಟ ಮುಗಿದ ಮೇಲೆ ಉಮರ್(ರ) ಎಣಿಸಲು ಹೇಳಿದರು. ಬಂದು ಉಂಡವರು ಏಳು ಸಾವಿರ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇಲ್ಲಿಗೆ ಬರಲಾರದ ಹೆಂಗಸರು, ರೋಗಿಗಳು, ಮಕ್ಕಳನ್ನು ಎಣಿಸಿ ಎಂದರು. ಅವರು ನಲವತ್ತು ಸಾವಿರ! ಕೆಲವು ರಾತ್ರಿಗಳ ಬಳಿಕ ಮತ್ತೆ ಎಣಿಸಿದಾಗ ಉಂಡವರು ಹತ್ತು ಸಾವಿರ, ಬಾರದವರು ಐವತ್ತು ಸಾವಿರ.

ಈ ಲೆಕ್ಕದ ಮುಂದೆ ಸ್ವಲ್ಪ ನಿಲ್ಲಬೇಕು. ಪಂಕ್ತಿಯಲ್ಲಿ ಕುಳಿತ ಏಳು ಸಾವಿರ ಜನರನ್ನು ನೋಡಿದರೆ ಯಾವ ಆಡಳಿತಗಾರನಿಗೂ ತೃಪ್ತಿಯಾದೀತು. ಛಾಯಾಚಿತ್ರದ ಕಾಲವಾಗಿದ್ದರೆ ಆ ಪಂಕ್ತಿಯ ಚಿತ್ರವೇ ಪತ್ರಿಕೆಯಲ್ಲಿ ಬರುತ್ತಿತ್ತು. ಆದರೆ ಕಣ್ಣೆದುರು ಉಣ್ಣುತ್ತಿರುವವರಿಗಿಂತ ಐದಾರು ಪಟ್ಟು ಹೆಚ್ಚು ಜನರು ಡೇರೆಗಳೊಳಗೆ ಮಲಗಿದ್ದರು. ಅವರ ಬಳಿಗೆ ಊಟವೇ ನಡೆದು ಹೋಗಬೇಕಾಗಿತ್ತು. ನಮ್ಮ ರಮಝಾನ್ ಕಿಟ್ ವಿತರಣೆಯ ದಿನ ಮಸೀದಿಯ ಅಂಗಳಕ್ಕೆ ಬರಲಾರದವರು ಯಾರು ಎಂದು ಎಣಿಸುವ ಪದ್ಧತಿ ಎಷ್ಟು ಜಮಾಅತ್‌ಗಳಲ್ಲಿದೆ? ಹಾಸಿಗೆ ಹಿಡಿದ ವೃದ್ಧೆ, ಇದ್ದತ್‌ನಲ್ಲಿರುವ ವಿಧವೆ, ನಿನ್ನೆಯವರೆಗೆ ಗಲ್ಫಿನಲ್ಲಿ ದುಡಿದು ಇಂದು ಕೆಲಸ ಕಳೆದುಕೊಂಡು ಮರಳಿದವನ ಹೆಂಡತಿ, ಇವರಲ್ಲಿ ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ.

ಸಿರಿಯಾದಿಂದ ಹಝ್ರತ್ ಅಬೂ ಉಬೈದಾ(ರ) ನಾಲ್ಕು ಸಾವಿರ ಒಂಟೆಗಳ ಮೇಲೆ ಧಾನ್ಯ ಹೇರಿಸಿಕೊಂಡು ಬಂದ ಸಂಗತಿಯನ್ನು ತಬರಿ ದಾಖಲಿಸಿದ್ದಾರೆ. ಅದನ್ನು ಮದೀನಾದ ಸುತ್ತಮುತ್ತ ಹಂಚುವ ಕೆಲಸವನ್ನೂ ಉಮರ್(ರ) ಅವರಿಗೇ ವಹಿಸಿದರು. ಮುಗಿಸಿ ಬಂದಾಗ ನಾಲ್ಕು ಸಾವಿರ ದಿರ್ಹಮ್ ಕೊಡಿಸಿದರು. ಅಬೂ ಉಬೈದಾ(ರ) ಬೇಡವೆಂದರು, ಅಲ್ಲಾಹನ ಮೆಚ್ಚುಗೆಯಷ್ಟೇ ತಮ್ಮ ಉದ್ದೇಶವೆಂದರು. ಉಮರ್(ರ) ಮತ್ತೆ ಅದೇ ಹಳೆಯ ಪಾಠವನ್ನು ನೆನಪಿಸಿದರು: ಕೇಳದೆ ಬಂದದ್ದನ್ನು ತೆಗೆದುಕೊಳ್ಳುವುದರಲ್ಲಿ ದೋಷವಿಲ್ಲ, ಪ್ರವಾದಿ(ಸ)ರು ತನಗೂ ಹೀಗೆಯೇ ಕೊಟ್ಟಿದ್ದರು. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಒಬ್ಬರಾದ ಅಬೂ ಉಬೈದಾ(ರ)ರಿಗೇ ಕೂಲಿ ಕೊಡದೆ ಬಿಡಲಿಲ್ಲ.

ಆ ವರ್ಷ ಉಮರ್(ರ) ಝಕಾತ್ ವಸೂಲಿಗೆ ಜನರನ್ನು ಕಳುಹಿಸಲಿಲ್ಲ. ಬರ ಕಳೆದ ಮೇಲೆ ಎರಡು ವರ್ಷದ್ದನ್ನು ಸಂಗ್ರಹಿಸಿ, ಒಂದನ್ನು ಅಲ್ಲಲ್ಲೇ ಹಂಚಿ ಒಂದನ್ನು ಮಾತ್ರ ತರಲು ಆದೇಶಿಸಿದರು. ಮಳೆ ಬಂದಾಗ ವಲಸೆ ಬಂದವರನ್ನು ಇನ್ನು ನಿಮ್ಮ ದಾರಿ ನೋಡಿಕೊಳ್ಳಿ ಎಂದು ಅಟ್ಟಿಬಿಡಲಿಲ್ಲ. ದಾರಿಯ ಆಹಾರವನ್ನೂ ಸವಾರಿಯನ್ನೂ ಕೊಟ್ಟು ಅವರವರ ನಾಡಿಗೆ ಕಳುಹಿಸುವ ವ್ಯವಸ್ಥೆ ಮಾಡಿದರು. ನೆರೆ ಬಂದ ಮೊದಲ ವಾರ ಅನ್ನದ ಪೊಟ್ಟಣಗಳು ರಾಶಿ ಬೀಳುವುದನ್ನೂ, ನೀರು ಇಳಿದು ಜನರು ಕೆಸರು ತುಂಬಿದ ಮನೆಗೆ ಮರಳುವ ಹೊತ್ತಿಗೆ ಯಾರೂ ಇಲ್ಲದಿರುವುದನ್ನೂ ನಾವು ನಮ್ಮ ನಾಡಿನಲ್ಲಿ ಕಂಡಿದ್ದೇವೆ.

ಉಮರ್(ರ) ಮತ್ತು ಅವರ ಸೇವಕ ಅಸ್ಲಮ್ ರಾತ್ರಿಯಲ್ಲಿ ಕಂಡ ತಾಯಿಯ ಕಥೆ ಎಲ್ಲರಿಗೂ ಗೊತ್ತು. ಹಸಿದ ಮಕ್ಕಳನ್ನು ಸುಮ್ಮನಾಗಿಸಲು ಆಕೆ ಬರೀ ನೀರನ್ನು ಒಲೆಯ ಮೇಲಿಟ್ಟಿದ್ದಳು. ಖಲೀಫರು ಹಿಟ್ಟಿನ ಮೂಟೆಯನ್ನು ಸ್ವಂತ ಬೆನ್ನ ಮೇಲೆ ಹೊತ್ತದ್ದನ್ನು ನಾವು ಹೇಳುತ್ತೇವೆ. ಆ ಮೂಟೆ ಎಲ್ಲಿಂದ ಬಂತು? ‘ದಾರುದ್ದಕೀಕ್’ ಎಂಬ ಹಿಟ್ಟಿನ ಉಗ್ರಾಣದಿಂದ. ಹಿಟ್ಟು, ಹುರಿಹಿಟ್ಟು, ಖರ್ಜೂರ, ಒಣದ್ರಾಕ್ಷಿಗಳನ್ನು ದಿಕ್ಕುಗೆಟ್ಟ ಪ್ರಯಾಣಿಕರಿಗಾಗಿ ಅಲ್ಲಿ ಸದಾ ಸಿದ್ಧವಾಗಿಡಲಾಗುತ್ತಿತ್ತು. ಉಗ್ರಾಣವಿಲ್ಲದಿದ್ದರೆ ಆ ಕತ್ತಲಲ್ಲಿ ಉಮರ್(ರ)ರ ಕಣ್ಣೀರೂ ಮಕ್ಕಳ ಹೊಟ್ಟೆ ತುಂಬಿಸುತ್ತಿರಲಿಲ್ಲ. ಇನ್ನೊಂದು ವಿವರವೂ ಇದೆ. ಮಕ್ಕಳು ಉಂಡ ಕೂಡಲೇ ಅವರು ಹೊರಟುಬಿಡಲಿಲ್ಲ. ಸ್ವಲ್ಪ ದೂರದಲ್ಲಿ ಕುಳಿತು, ಅಳುತ್ತಿದ್ದ ಮಕ್ಕಳು ನಕ್ಕು ಆಡಿ ನಿದ್ರಿಸುವವರೆಗೆ ಕಾದರು. ಅಳುವುದನ್ನು ಕಂಡವನಿಗೆ ನಗುವುದನ್ನೂ ಕಂಡು ಹೋಗಬೇಕೆನಿಸಿತು. ಸೇವೆಯ ಇಹದ ಪ್ರತಿಫಲ ಏನೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನಮಗೆ ತಿಳಿದಿಲ್ಲ.

ಒಳ್ಳೆಯ ನಿಯಮವೂ ಕೇಡು ಮಾಡಬಲ್ಲದು ಎಂಬುದಕ್ಕೂ ಇದೇ ಕಾಲದಲ್ಲಿ ಉದಾಹರಣೆಯಿದೆ. ಎದೆಹಾಲು ಬಿಟ್ಟ ಮಕ್ಕಳಿಗೆ ಬೈತುಲ್ ಮಾಲ್‌ನಿಂದ ವೇತನ ನಿಗದಿಯಾಗಿತ್ತು. ಒಂದು ರಾತ್ರಿ ವರ್ತಕರ ತಂಡವೊಂದು ಈದ್ಗಾಹ್‌ನಲ್ಲಿ ತಂಗಿದಾಗ ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಇಬ್ನು ಔಫ್(ರ) ಕಾವಲಿಗೆ ಹೋದರು. ಅಲ್ಲಿ ಮಗುವೊಂದು ಅಳುತ್ತಲೇ ಇತ್ತು. ಮೂರು ಬಾರಿ ಹೋಗಿ ವಿಚಾರಿಸಿದಾಗ ತಾಯಿ, ಎದುರಿಗಿರುವವರು ಯಾರೆಂದು ತಿಳಿಯದೆ, ಕಾರಣ ಹೇಳಿದಳು: ಉಮರರು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ವೇತನ ಕೊಡುವುದರಿಂದ ಮಗುವಿಗೆ ಬೇಗನೇ ಹಾಲು ಬಿಡಿಸುತ್ತಿದ್ದೇನೆ. ಅಂದಿನ ಫಜ್ರ್ ನಮಾಝ್‌ನಲ್ಲಿ ಅವರ ಅಳುವಿನಿಂದಾಗಿ ಕುರ್‌ಆನ್ ಪಾರಾಯಣವೇ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿದೊಡನೆ, ಮಕ್ಕಳ ಹಾಲು ಬಿಡಿಸಲು ಅವಸರ ಮಾಡಬೇಡಿ, ಹುಟ್ಟಿದ ಪ್ರತಿ ಮಗುವಿಗೂ ವೇತನವುಂಟು ಎಂದು ಸಾರಿಸಿದರು. ದೂರದ ಪ್ರಾಂತ್ಯಗಳಿಗೂ ಈ ಆದೇಶ ಹೋಯಿತು. ನಿಯಮ ಬರೆದವನು ರಾತ್ರಿ ಬೀದಿಗಿಳಿಯದಿದ್ದರೆ ಅದರ ಅಡ್ಡಪರಿಣಾಮ ಅವನಿಗೆ ಎಂದೂ ತಿಳಿಯುತ್ತಿರಲಿಲ್ಲ.

ಕಾಣಿಸಿಕೊಳ್ಳದೆ ಕೊಡುವುದರ ಶ್ರೇಷ್ಠ ಮಾದರಿಯನ್ನು ತೋರಿಸಿದವರು ಪ್ರವಾದಿ(ಸ)ರ ಮರಿಮಗ, ಹುಸೈನ್(ರ)ರ ಪುತ್ರ ಅಲಿ ಝೈನುಲ್ ಆಬಿದೀನ್. ಅವರು ಜೀವಿಸಿದ್ದಾಗ ಕೆಲವರು ಅವರನ್ನು ಜಿಪುಣರೆಂದೇ ತಿಳಿದಿದ್ದರು. ಮದೀನಾದ ಎಷ್ಟೋ ಬಡ ಮನೆಗಳ ಬಾಗಿಲಿಗೆ ರಾತ್ರಿಯ ಹೊತ್ತು ಆಹಾರ ಬಂದು ಬೀಳುತ್ತಿತ್ತು, ಯಾರು ತರುತ್ತಾರೆಂದು ಆ ಮನೆಯವರಿಗೂ ಗೊತ್ತಿರಲಿಲ್ಲ. ಅವರು ನಿಧನರಾದಾಗ ಆಹಾರ ನಿಂತುಹೋಯಿತು. ಮಯ್ಯಿತ್ ಸ್ನಾನ ಮಾಡಿಸುವವರು ಬೆನ್ನಿನ ಮೇಲೆ ಮೂಟೆ ಹೊತ್ತ ಕಪ್ಪು ಕಲೆಗಳನ್ನು ಕಂಡರು. ಇಂದು ಐದು ಕಿಲೋ ಅಕ್ಕಿಯ ಚೀಲವನ್ನು ಒಬ್ಬ ವಿಧವೆಯ ಕೈಗಿಡುವಾಗ ಆರು ಮಂದಿ ಚೀಲ ಹಿಡಿದು ಕ್ಯಾಮರಾ ನೋಡುತ್ತಾರೆ. ದಾನಿಗಳಿಗೆ ಲೆಕ್ಕ ತೋರಿಸಬೇಕಲ್ಲ ಎಂಬ ಸಮಜಾಯಿಷಿ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಲೆಕ್ಕವನ್ನು ಸಹಿಯಿಂದ ತೋರಿಸಬಹುದು. ಆ ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದಾಳೆ, ಆ ಚಿತ್ರ ಅವಳ ಸಹಪಾಠಿಗಳ ಮೊಬೈಲಿಗೂ ತಲುಪುತ್ತದೆ. ಕೊಟ್ಟ ದಾನವನ್ನು ಎತ್ತಿ ಆಡಿ, ನೋಯಿಸಿ ವ್ಯರ್ಥಗೊಳಿಸಬಾರದೆಂದು ಅಲ್‌ಬಕರಾ ಅಧ್ಯಾಯದ 264ನೆಯ ಸೂಕ್ತವು ಎಚ್ಚರಿಸಿದೆ.

ಮುಂದಿನ ಶತಮಾನಗಳಲ್ಲಿ ಈ ದುಡಿಮೆಯ ದೊಡ್ಡ ಭಾಗವನ್ನು ವಕ್ಫ್ ಸಂಸ್ಥೆಗಳು ಹೊತ್ತವು. ಅದರ ಬೀಜವೂ ಉಮರ್(ರ)ರ ಖೈಬರ್ ಭೂಮಿಯಲ್ಲೇ ಇದೆ. ಪ್ರವಾದಿ(ಸ)ರ ಸಲಹೆಯಂತೆ, ಮಾರಬಾರದು, ಉಡುಗೊರೆ ಕೊಡಬಾರದು, ವಾರಸಿಗೆ ಹೋಗಬಾರದು ಎಂಬ ಷರತ್ತಿನೊಂದಿಗೆ ಅದರ ಫಲವನ್ನು ಬಡವರಿಗೂ ಬಂಧುಗಳಿಗೂ ದಾರಿಹೋಕರಿಗೂ ಬಿಟ್ಟರು. ಜೊತೆಗೆ, ನೋಡಿಕೊಳ್ಳುವವನು ಸಂಪತ್ತು ಕೂಡಿಹಾಕದೆ ನ್ಯಾಯವಾದಷ್ಟನ್ನು ತಿನ್ನಬಹುದೆಂದೂ ಸೇರಿಸಿದರು. ಮೊದಲ ವಕ್ಫ್‌ಗಳಲ್ಲಿ ಒಂದಾದ ಇದರಲ್ಲೇ ದುಡಿಯುವವನ ಅನ್ನದ ಮಾತಿದೆ.

1326ರಲ್ಲಿ ದಮಾಸ್ಕಸ್‌ಗೆ ಬಂದ ಇಬ್ನು ಬತೂತಾ ಅಲ್ಲಿನ ವಕ್ಫ್‌ಗಳ ವೈವಿಧ್ಯ ಕಂಡು ಬೆರಗಾಗಿದ್ದರು. ಬಡ ಹೆಣ್ಣುಮಕ್ಕಳ ಮದುವೆಗೆ, ಸೆರೆಯಾಳುಗಳ ಬಿಡುಗಡೆಗೆ, ರಸ್ತೆಗೆ ಕಲ್ಲು ಹಾಸಲು, ಹೀಗೆ ಒಂದೊಂದಕ್ಕೂ ಒಂದು ವಕ್ಫ್. ಒಂದು ದಿನ ಗಲ್ಲಿಯಲ್ಲಿ ಹೋಗುತ್ತಿದ್ದಾಗ ಗುಲಾಮ ಬಾಲಕನೊಬ್ಬನ ಕೈಯಿಂದ ಚೀನೀ ಪಿಂಗಾಣಿಯ ತಟ್ಟೆ ಬಿದ್ದು ಒಡೆಯಿತು. ಜನ ಸೇರಿದರು. ಒಬ್ಬಾತನು, ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್‌ನ ಮೇಲ್ವಿಚಾರಕನ ಬಳಿಗೆ ಬಾ ಎಂದು ಕರೆದುಕೊಂಡು ಹೋದನು. ಮೇಲ್ವಿಚಾರಕನು ಚೂರುಗಳನ್ನು ನೋಡಿ ಅಂಥದೇ ತಟ್ಟೆ ಕೊಳ್ಳುವಷ್ಟು ಹಣ ಕೊಟ್ಟನು. ಇಲ್ಲದಿದ್ದರೆ ಯಜಮಾನನ ಹೊಡೆತವೋ ಬೈಗುಳವೋ ಆ ಹುಡುಗನಿಗೆ ತಪ್ಪುತ್ತಿರಲಿಲ್ಲ. ಇಲ್ಲಿ ಚೂರೇ ದಾಖಲೆ. ನಾನು ಬಡವ ಎಂದು ಆ ಹುಡುಗ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ದೊಡ್ಡ ಸಂಸ್ಥೆಯ ದೈನಂದಿನ ಜಂಜಾಟ ನೋಡಬೇಕೆಂದರೆ ಜೆರುಸಲೇಮಿಗೆ ಹೋಗಬೇಕು. ಉಸ್ಮಾನೀ ಸುಲ್ತಾನ್ ಸುಲೈಮಾನರ ಪತ್ನಿ ಹುರ್ರಮ್ ಸುಲ್ತಾನ್ 1550ರ ದಶಕದಲ್ಲಿ ಅಲ್ಲೊಂದು ಸಾರ್ವಜನಿಕ ಅಡುಗೆಮನೆ ಸ್ಥಾಪಿಸಿದರು. ನಾನೂರು ಬಡವರಿಗೆ ದಿನಕ್ಕೆರಡು ಹೊತ್ತು, ಬೆಳಿಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿಯ ಗಂಜಿ, ಜೊತೆಗೊಂದು ರೊಟ್ಟಿ. ಶುಕ್ರವಾರದ ರಾತ್ರಿಗೆ ವಿಶೇಷ ಅಡುಗೆ. ಇದಕ್ಕಾಗಿ ಫಲಸ್ತೀನಿನ ಹಲವು ಹಳ್ಳಿಗಳ ಆದಾಯವನ್ನು ಬಿಟ್ಟುಕೊಡಲಾಗಿತ್ತು. ಅಡುಗೆಯವರು, ರೊಟ್ಟಿ ಸುಡುವವರು, ಧಾನ್ಯ ಆರಿಸುವವರು, ಪಾತ್ರೆ ತೊಳೆಯುವವರು, ಗುಮಾಸ್ತರು ಎಲ್ಲರಿಗೂ ಸಂಬಳ ನಿಗದಿಯಾಗಿತ್ತು. ನಾನೂರು ಜನಕ್ಕೆ ಒಂದು ದಿನ ಬಡಿಸುವುದು ಉತ್ಸಾಹದ ಮಾತು. ನಾಳೆಯೂ, ನಾಡಿದ್ದೂ, ಹಳ್ಳಿಯ ಗೇಣಿ ತಡವಾದಾಗಲೂ, ಸೌದೆ ಒದ್ದೆಯಾದಾಗಲೂ ಬಡಿಸುವುದು ಬೇರೆಯೇ ಕೆಲಸ. ಆ ಅಡುಗೆಮನೆಯು ಹಳೆಯ ಜೆರುಸಲೇಮಿನಲ್ಲಿ ನಮ್ಮ ಕಾಲದವರೆಗೂ ಬಡವರಿಗೆ ಊಟ ಕೊಡುತ್ತಾ ಬಂದಿದೆ. ರಾಣಿಯ ಹೆಸರು ಅದರ ಮೇಲಿದೆ. ನಾಲ್ಕೂವರೆ ಶತಮಾನಗಳಿಂದ ಆ ಹಂಡೆಗಳನ್ನು ತೊಳೆದವರ ಹೆಸರುಗಳು ಅಲ್ಲಾಹನಿಗೆ ಗೊತ್ತು.

ಅವರ ಪ್ರತಿಫಲದ ಕುರಿತು ಪ್ರವಾದಿ(ಸ)ರ ಮಾತೊಂದು ಬುಖಾರಿಯಲ್ಲಿದೆ. ನಂಬಿಗಸ್ತನಾದ ಖಜಾಂಚಿಯು ತನಗೆ ಆಜ್ಞಾಪಿಸಿದ್ದನ್ನು ಪೂರ್ತಿಯಾಗಿ, ಸಂತುಷ್ಟ ಮನಸ್ಸಿನಿಂದ, ಹೇಳಿದವರಿಗೇ ತಲುಪಿಸಿದರೆ ಅವನೂ ಇಬ್ಬರು ದಾನಿಗಳಲ್ಲಿ ಒಬ್ಬನು. ಹಣ ಇನ್ನೊಬ್ಬನದು, ಆದರೆ ದಾನಿ ಎಂಬ ಹೆಸರು ಇವನಿಗೂ ಸಲ್ಲುತ್ತದೆ. ‘ಸಂತುಷ್ಟ ಮನಸ್ಸು’ ಎಂಬ ಷರತ್ತು ಏಕೆಂದು, ಇಪ್ಪತ್ತೇಳನೆಯ ರೋಝಾದ ಸಂಜೆ ಮುನ್ನೂರನೆಯ ಕಿಟ್ ಕೊಡುತ್ತಿರುವಾಗ, ನನ್ನದರಲ್ಲಿ ಎಣ್ಣೆ ಕಡಿಮೆ ಇದೆ ಎಂಬ ದೂರನ್ನು ಕೇಳಿಸಿಕೊಂಡವರಿಗೆ ವಿವರಿಸಬೇಕಾಗಿಲ್ಲ.

ನಮ್ಮ ನೆಲದಲ್ಲೂ ಇಂಥ ಒಬ್ಬ ಖಜಾಂಚಿಯಿದ್ದರು. ಇರಾನಿನ ಗೀಲಾನ್‌ನಿಂದ ವರ್ತಕರಾಗಿ ಬಂದು ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದ ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದ್ರಸ ಇಂದಿಗೂ ನಿಂತಿದೆ. 1481ರಲ್ಲಿ ವೈರಿಗಳು ಸೃಷ್ಟಿಸಿದ ನಕಲಿ ಪತ್ರವನ್ನು ನಂಬಿ ಸುಲ್ತಾನ್ ಮೂರನೆಯ ಮುಹಮ್ಮದ್ ಶಾಹ್ ಅವರನ್ನು ಕೊಲ್ಲಿಸಿದನು. ಇಷ್ಟು ವರ್ಷ ರಾಜ್ಯವಾಳಿದ ಮಂತ್ರಿಯ ಮನೆಯಲ್ಲಿ ಅಪಾರ ಸಂಪತ್ತಿರಬೇಕೆಂದು ಭಾವಿಸಿ ಖಜಾಂಚಿಯನ್ನು ಕರೆಸಿದನು. ಬಿಜಾಪುರದ ಆಶ್ರಯದಲ್ಲಿ ಇತಿಹಾಸ ಬರೆದ ಫಿರಿಶ್ತಾ ಈ ಪ್ರಸಂಗವನ್ನು ವಿವರಿಸಿದ್ದಾರೆ. ಒಡೆಯನ ರಕ್ತ ಇನ್ನೂ ಆರಿರದ ಹೊತ್ತಿನಲ್ಲಿ, ಕೊಲ್ಲಿಸಿದವನ ಮುಂದೆಯೇ, ಆ ಖಜಾಂಚಿ ಲೆಕ್ಕ ಬಿಡಿಸಿಟ್ಟರು. ಖ್ವಾಜಾರಲ್ಲಿ ಎರಡು ಖಜಾನೆಗಳಿದ್ದವು, ಒಂದು ಸುಲ್ತಾನರದು, ಇನ್ನೊಂದು ಬಡವರದು. ಜಾಗೀರಿನ ಆದಾಯವೆಲ್ಲ ಮೊದಲನೆಯದಕ್ಕೆ ಹೋಗಿ ಸೈನ್ಯಕ್ಕೂ ರಾಜ್ಯದ ಕೆಲಸಕ್ಕೂ ವ್ಯಯವಾಗುತ್ತಿತ್ತು, ಅದರಿಂದ ಅವರು ತಮಗಾಗಿ ಏನನ್ನೂ ಮುಟ್ಟುತ್ತಿರಲಿಲ್ಲ. ಊರಿನಿಂದ ತಂದ ಸ್ವಂತ ಬಂಡವಾಳದ ವ್ಯಾಪಾರದಿಂದ ಬಂದ ಲಾಭದಲ್ಲಿ ಊಟ ಬಟ್ಟೆಗೆಂದು ಸ್ವಲ್ಪವನ್ನಿಟ್ಟುಕೊಂಡು ಉಳಿದುದನ್ನು ಎರಡನೆಯ ಖಜಾನೆಯಿಂದ ಬಡವರಿಗೂ ವಿದ್ವಾಂಸರಿಗೂ ಹಂಚುತ್ತಿದ್ದರು. ವೈರಿಗಳು ನಂಬದೆ ಉಳಿದ ನೌಕರರನ್ನೂ ಕರೆಸಿ ವಿಚಾರಿಸಿದರು. ಎರಡೂ ಪೆಟ್ಟಿಗೆಗಳಲ್ಲಿ ಉಳಿದಿದ್ದುದು ಅತ್ಯಲ್ಪ. ಅಡುಗೆಯವನಾದರೋ, ಖ್ವಾಜಾರು ಊಟ ಮಾಡುತ್ತಿದ್ದುದು ಮಣ್ಣಿನ ಪಾತ್ರೆಗಳಲ್ಲಿ ಎಂದು ತಿಳಿಸಿದನು.